ಕವಳದ ಬಟ್ಟಲು ಎತ್ತಿಡಬೇಕಾ?

ಪ್ರಶ್ನೆ: ಶಿರಸಿ ಹತ್ತಿರ ನನ್ನದೊಂದು ಸಣ್ಣ ಅಡಿಕೆ ಸುಲಿಯುವ ಶೆಡ್ ಇದೆ. ಹಂಗಾಮಿನಲ್ಲಿ ಒಂಬತ್ತು ಜನ ಕೆಲಸಕ್ಕೆ ಬರುತ್ತಾರೆ, ಅದರಲ್ಲಿ ಐದು ಜನ ಹೆಂಗಸರು. ಅಪ್ಪನ ಕಾಲದಿಂದಲೂ ಬಾಗಿಲ ಹತ್ತಿರ ಕವಳದ ಬಟ್ಟಲು ಇಡುವ ರೂಢಿ. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ನಮ್ಮದೇ ಖರ್ಚು. ಈಗ ಒಬ್ಬ ಹುಡುಗನಿಗೆ ಬಾಯಿ ತೆರೆಯಲು ಆಗುತ್ತಿಲ್ಲ. ವಯಸ್ಸು 34. ಕವಳದ ಜೊತೆ ಪಾನ್ ಮಸಾಲಾ ಪ್ಯಾಕೆಟ್ಟನ್ನೂ ಹಾಕುತ್ತಾನೆ. ಆರು ತಿಂಗಳಿಂದ ಗಂಜಿ, ಮೊಸರನ್ನ ಬಿಟ್ಟು ಬೇರೇನೂ ಉಣ್ಣುತ್ತಿಲ್ಲ. ಕೇಳಿದರೆ "ಬುದ್ಧಿಹಲ್ಲು ಬರ್ತಾ ಇದೆ" ಎನ್ನುತ್ತಾನೆ. ಐವತ್ತು ದಾಟಿದ ಒಬ್ಬ ಅಕ್ಕ ರಾತ್ರಿ ಕವಳವನ್ನು ಕೆನ್ನೆಯಲ್ಲಿಟ್ಟೇ ಮಲಗುವವರು. ಅವರ ಕೆನ್ನೆಯೊಳಗೆ ಬಿಳಿ ಮಚ್ಚೆ ಬಂದಿದೆ. ತುಂಡು ತೆಗೆದು ಪರೀಕ್ಷೆ ಮಾಡಿದರೆ ಹರಡುತ್ತದೆ ಎಂದು ಹೆದರಿ ಆಸ್ಪತ್ರೆಗೆ ಹೋಗುತ್ತಿಲ್ಲ. ನಾನೂ ದಿನಕ್ಕೆ ಎಂಟು ಹತ್ತು ಕವಳ ಹಾಕುತ್ತೇನೆ. ತಂಬಾಕು ಮುಟ್ಟಿಲ್ಲ. ತಂಬಾಕಿಲ್ಲದ ಕವಳಕ್ಕೆ ತೊಂದರೆ ಇಲ್ಲ ಅಲ್ವಾ? ನಮ್ಮಜ್ಜ ಕವಳ ಹಾಕಿಕೊಂಡೇ 91 ವರ್ಷ ಬದುಕಿದ್ದ. ಬಟ್ಟಲು ಎತ್ತಿಟ್ಟರೆ ಜನ ಬೇರೆ ಶೆಡ್ಡಿಗೆ ಹೋಗಬಹುದು. ಒಂದು ಲ್ಯಾಬಿನವರು ತಲೆಗೆ 1,800 ರೂಪಾಯಿಗೆ ಎಲ್ಲರಿಗೂ ಫುಲ್ ಬಾಡಿ ಚೆಕಪ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಮಾಡಿಸಲಾ? ಕೊನೆಗೆ, ಅಡಿಕೆ ಮಾರಿ ಬದುಕುವ ನಾನೇ ಅಡಿಕೆ ಬಿಡಿ ಎಂದು ಯಾವ ಬಾಯಲ್ಲಿ ಹೇಳಲಿ?

— ಹೆಸರು ಬೇಡ ಎಂದವರು, ಶಿರಸಿ ತಾಲೂಕು

ಉತ್ತರ: ಕೊನೆಯ ಪ್ರಶ್ನೆ ನನಗೂ ಚುಚ್ಚುವಂಥದ್ದು. ನಾನು ದಂತವೈದ್ಯ ಓದಿದ್ದು ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡಿನಲ್ಲಿ. ಮನೆಯಲ್ಲಿ ಈಗಲೂ ತೋಟ ಇದೆ. ಅದರ ಮಾತಿಗೆ ಆಮೇಲೆ ಬರೋಣ. ಮೊದಲು ಆ ಹುಡುಗನ ವಿಷಯ, ಅದು ಕಾಯುವಂಥದ್ದಲ್ಲ.

ಬುದ್ಧಿಹಲ್ಲಿನಿಂದಲೂ ಬಾಯಿ ಹಿಡಿಯುತ್ತದೆ, ನಿಜ. ಆದರೆ ಆಗ ನೋವಿರುತ್ತದೆ, ಒಂದು ಬದಿ ಊದುತ್ತದೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ನೋವಿಲ್ಲದೆ ಆರು ತಿಂಗಳಿಂದ ಬಾಯಿ ಕಿರಿದಾಗುತ್ತಾ ಬಂದಿದ್ದರೆ, ಅವನು ಅಡಿಕೆ ಜಗಿಯುವವನೂ ಆಗಿದ್ದರೆ, ನನ್ನ ಕುರ್ಚಿಯಲ್ಲಿ ಕೂತವರನ್ನು ನೋಡಿ ಹೇಳುವುದಾದರೆ ಅದು ಹೆಚ್ಚಾಗಿ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಪದರ ನಾರುಗಟ್ಟುವ ರೋಗ. ಕಣ್ಣಿಂದ ನೋಡದೆ ಖಚಿತವಾಗಿ ಹೇಳಲಾರೆ. ಅಪರೂಪಕ್ಕೆ ಒಳಗೆಲ್ಲೋ ಬೆಳೆದ ಕ್ಯಾನ್ಸರ್ ಕೂಡ ಬಾಯಿ ಹಿಡಿಸುತ್ತದೆ. ಅದಕ್ಕೇ ಈ ವಾರವೇ ತೋರಿಸಿ ಎನ್ನುವುದು.

ಒಳಗೆ ಆಗುವುದು ಇಷ್ಟು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವ ಇದೆ. ಕವಳ ಹಾಕಿದಾಗ ಮೈ ಬೆಚ್ಚಗಾಗಿ, ಬೆವರು ಬಂದು, ನಿದ್ದೆ ಹಾರುವುದು ಮುಖ್ಯವಾಗಿ ಅದರಿಂದಲೇ. ಅದೇ ಅರೆಕೋಲಿನ್ ಕೆನ್ನೆಯ ಜೀವಕೋಶಗಳನ್ನು ಕೆಣಕಿ ಬೇಕಾದ್ದಕ್ಕಿಂತ ಜಾಸ್ತಿ ನಾರು ಹುಟ್ಟಿಸುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರನ್ನು ಗಟ್ಟಿಯಾಗಿ ಬಿಗಿಯುತ್ತದೆ. ಹಳೆ ನಾರು ಕರಗಿ ಹೋಗದಂತೆ ಅಡಿಕೆಯ ಒಗರು ತಡೆಯುತ್ತದೆ. ಹಸಿ ಬಾಳೆಪಟ್ಟೆ ಹೇಗೆ ಬೇಕಾದರೂ ಬಾಗುತ್ತದೆ, ಒಣಗಿ ನಾರಾದ ಮೇಲೆ ಬಾಗುವುದಿಲ್ಲ. ಕೆನ್ನೆಯ ಕತೆಯೂ ಹಾಗೇ.

ನಮ್ಮ ಕಡೆಯವರು ಈ ರೋಗಕ್ಕೆ ಬಂದಾಗ ಮೊದಲು ಬಾಯಿ ತೆರೆಯುವುದಿಲ್ಲ ಎಂದು ಹೇಳುವುದೇ ಇಲ್ಲ. "ಈಚೆಗೆ ಅಪ್ಪೆಹುಳಿ ಕುಡಿಯೋಕೆ ಆಗ್ತಿಲ್ಲ ಡಾಕ್ಟ್ರೇ, ಬಾಯೆಲ್ಲ ಉರಿ" ಎನ್ನುತ್ತಾರೆ. ಆ ಉರಿಯೇ ಮೊದಲ ಸೂಚನೆ. ಆಮೇಲೆ ಕೆನ್ನೆ ಬಿಳಿಚಿಕೊಳ್ಳುತ್ತದೆ, ಶಿಳ್ಳೆ ಹಾಕಲು ಆಗುವುದಿಲ್ಲ, ನಾಲಿಗೆ ಪೂರ್ತಿ ಹೊರಗೆ ಬರುವುದಿಲ್ಲ. ಬಾಯಿ ಬಿಗಿಯುವುದು ಅದರ ನಂತರ. ಖಾರ ತಿನ್ನುವುದನ್ನು ಸುಮ್ಮನೆ ಬಿಟ್ಟವರು ನಿಮ್ಮ ಶೆಡ್ಡಿನಲ್ಲಿ ಇನ್ನೂ ಯಾರಾದರೂ ಇದ್ದಾರಾ ನೋಡಿ.

34ಕ್ಕೇ ಯಾಕೆ ಬಂತು? ಹೆಚ್ಚಿನ ಪಾಲು ಆ ಪ್ಯಾಕೆಟ್ಟಿನದ್ದು. ಬಟ್ಟಲಿನ ಕವಳದಲ್ಲಿ ಎಲೆಯೇ ಜಾಸ್ತಿ, ಅಡಿಕೆ ಒಂದೆರಡು ಹೋಳು. ಪ್ಯಾಕೆಟ್ಟಿನಲ್ಲಿ ಇರುವುದು ಹೆಚ್ಚುಕಡಿಮೆ ಒಣ ಅಡಿಕೆಯ ಚೂರೇ. ಜೇಬಿನಲ್ಲಿ ಕೂರುತ್ತದೆ, ಎಲೆಗೆ ಸುಣ್ಣ ಸವರುವ ಕೆಲಸವಿಲ್ಲ, ದಿನಕ್ಕೆ ಇಪ್ಪತ್ತಾದರೂ ಲೆಕ್ಕ ಸಿಗುವುದಿಲ್ಲ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಆಮೇಲೆ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು. ಅಂಗೈಯಲ್ಲಿ ಸೇರಿಸಿದರೆ ಮತ್ತೆ ಅದೇ ಗುಟ್ಕಾ.

ಈಗ ನಿಮ್ಮದೇ ಪ್ರಶ್ನೆ. ತಂಬಾಕಿಲ್ಲದ ಕವಳಕ್ಕೆ ತೊಂದರೆ ಇಲ್ಲ ಅಲ್ವಾ? ಹೌದು ಎನ್ನಲು ನನಗೂ ಆಸೆ. ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಹಾಕಿದ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2003ರಲ್ಲಿ ಸೇರಿದ ಅದರ ತಜ್ಞರು ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಖಚಿತ ಕ್ಯಾನ್ಸರ್‌ಕಾರಕಗಳ ಅದೇ ಮೊದಲ ಗುಂಪಿಗೆ ಸೇರಿಸಿದರು. "ಅದೆಲ್ಲ ತಂಬಾಕಿನ ಜೊತೆ ತಿಂದವರ ಲೆಕ್ಕ, ಅಡಿಕೆ ಮೇಲೆ ಸುಮ್ನೆ ಗೂಬೆ ಕೂರಿಸ್ತಾರೆ" ಎಂಬ ಮಾತನ್ನು ಮಂಡಿಯಲ್ಲೂ ಮದುವೆಮನೆಯಲ್ಲೂ ಕೇಳಿದ್ದೇನೆ. ಒಂದು ಕಾಲಕ್ಕೆ ನಾನೂ ಹೇಳಿದ್ದೇನೆ. ಬಾಯಿ ಮುಚ್ಚಿಸಿದ್ದು ತೈವಾನಿನ ಅನುಭವ. ಅಲ್ಲಿ ಅಡಿಕೆ ಜಗಿಯುತ್ತಾರೆ, ಸುಣ್ಣ ಹಾಕುತ್ತಾರೆ, ತಂಬಾಕು ಹಾಕುವುದಿಲ್ಲ. ಆದರೂ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ. ಇನ್ನು ನಾರುಗಟ್ಟುವ ರೋಗಕ್ಕಂತೂ ತಂಬಾಕು ಬೇಕೇ ಇಲ್ಲ, ಅಡಿಕೆ ಒಂದೇ ಸಾಕು.

ಹಾಗೆಂದು ಎರಡೂ ಒಂದೇ ಅಂತ ತಿಳಿಯಬೇಡಿ. ತಂಬಾಕು ಸೇರಿದರೆ ಅಪಾಯ ಬಹಳ ಏರುತ್ತದೆ. ಆ ಅಕ್ಕನ ಹಾಗೆ ರಾತ್ರಿಯಿಡೀ ಕೆನ್ನೆಯಲ್ಲಿಟ್ಟರೆ ಇನ್ನೂ ಏರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಅಂದಾಜು 3,89,800 ಜನರಿಗೆ ಬಾಯಿ ಕ್ಯಾನ್ಸರ್ ಬಂತು. ಅದರಲ್ಲಿ 1,20,200 ಜಗಿಯುವ ತಂಬಾಕು ಮತ್ತು ಅಡಿಕೆಯಿಂದ ಬಂದದ್ದು ಎಂಬ ಲೆಕ್ಕವಿದೆ. ಆ ಪೈಕಿ 83,400 ನಮ್ಮ ದೇಶದ್ದೇ.

ಕೆಂಪಡಿಕೆ ಬೇಯಿಸಿದ್ದು, ದೋಷವೆಲ್ಲ ಬೇಯಿಸಿದ ನೀರಿನಲ್ಲಿ, ಅಂದರೆ ಚೊಗರಿನಲ್ಲಿ, ಹೋಗುತ್ತದೆ ಎನ್ನುವವರಿದ್ದಾರೆ. ಬೇಯಿಸಿದಾಗ ಅರೆಕೋಲಿನ್ ಸ್ವಲ್ಪ ಕಡಿಮೆ ಆಗುವುದು ನಿಜ, ಪೂರ್ತಿ ಹೋಗುವುದಿಲ್ಲ. ಸುಣ್ಣದಿಂದ ಮೂಳೆಗೆ ಕ್ಯಾಲ್ಸಿಯಂ ಸಿಗುತ್ತದೆ ಎಂದು ಕವಳ ಹಾಕುವವರಿಗೆ ಒಂದು ಲೋಟ ಹಾಲು ಕುಡಿಯಿರಿ ಎನ್ನುತ್ತೇನೆ. ಬರೀ ವೀಳ್ಯದೆಲೆಯ ಮೇಲೆ ಇಂಥ ಆರೋಪ ಇಲ್ಲ.

ಅಜ್ಜನ ವಿಷಯ. ನಿಮ್ಮಜ್ಜ 91 ವರ್ಷ ಬದುಕಿದ್ದು ನಿಜವೇ. ಕವಳ ಹಾಕಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಆದರೆ ಜಗುಲಿಯಲ್ಲಿ ಕೂತ ಅಜ್ಜ ಎಲ್ಲರಿಗೂ ಕಾಣುತ್ತಾನೆ, 55ಕ್ಕೇ ಹೋದ ಅವನ ತಮ್ಮ ಗೋಡೆಯ ಫೋಟೋದಲ್ಲಿರುತ್ತಾನೆ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಜ್ಜ ದಿನಕ್ಕೆ ಎಷ್ಟು ಕವಳ ಹಾಕುತ್ತಿದ್ದ ಎಂದು ಮನೆಯ ಹಿರಿಯರನ್ನು ಕೇಳಿ. ಊಟವಾದ ಮೇಲೆ ಒಂದು, ನೆಂಟರು ಬಂದರೆ ಒಂದು ಎಂದಾರು. ನಿಮ್ಮದು ಎಂಟು ಹತ್ತು.

ಆ ಅಕ್ಕನ ಹೆದರಿಕೆ ಹಳೆಯದು. ಚಾಕು ತಾಗಿದ್ದಕ್ಕೆ ಹರಡಿತು ಎಂದು ಊರಲ್ಲಿ ಒಬ್ಬರಲ್ಲ ಒಬ್ಬರ ಕತೆ ಇದ್ದೇ ಇರುತ್ತದೆ. ಆಗಿರುವುದೇನೆಂದರೆ, ಅವರು ಪರೀಕ್ಷೆಗೆ ಹೋಗಿದ್ದೇ ತೀರಾ ತಡವಾಗಿ. ರೋಗ ಆಗಲೇ ಕುತ್ತಿಗೆಯ ಗಂಟಿಗೆ ಇಳಿದಿತ್ತು. ದೂರು ಬಂದದ್ದು ಚಾಕುವಿನ ಮೇಲೆ. ಕೆನ್ನೆಯಿಂದ ಅಕ್ಕಿಕಾಳಿನಷ್ಟು ತುಂಡು ತೆಗೆಯುವುದರಿಂದ ಮಚ್ಚೆ ಕ್ಯಾನ್ಸರ್ ಆಗುವುದೂ ಇಲ್ಲ, ಕ್ಯಾನ್ಸರ್ ಇದ್ದರೆ ಅದರಿಂದ ಹರಡುವುದೂ ಇಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಎರಡು ದಿನ ಖಾರ ತಾಗಿದರೆ ಉರಿಯುತ್ತದೆ, ಅಷ್ಟೆ. ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗಬಹುದು ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ, ಅದಕ್ಕೇ ತುಂಡು ಬೇಕು. ಮಚ್ಚೆಯಲ್ಲಿ ಕೆಂಪು ಬೆರೆತಿದ್ದರೆ, ಮುಟ್ಟಿದಾಗ ಗಟ್ಟಿ ಅನಿಸಿದರೆ, ಎರಡು ವಾರ ದಾಟಿದರೂ ವಾಸಿಯಾಗದ ಹುಣ್ಣಿದ್ದರೆ ಒಂದು ದಿನವೂ ತಡ ಬೇಡ. ತಂಬಾಕು ಬಿಟ್ಟ ಮೇಲೆ ಎಷ್ಟೋ ಮಚ್ಚೆಗಳು ತಾವಾಗಿಯೇ ಸಣ್ಣದಾಗುವುದನ್ನೂ ನೋಡಿದ್ದೇನೆ. ಇದನ್ನು ಅವರಿಗೆ ಹೇಳಿ, ಧೈರ್ಯ ಬರುತ್ತದೆ.

ಹುಡುಗನ ಬಾಯಿ ಮತ್ತೆ ತೆರೆಯುತ್ತದಾ? ಮೊದಲಿನಷ್ಟು ಇಲ್ಲ. ಇದನ್ನು ಮುಚ್ಚಿಟ್ಟು ಹೇಳುವ ವೈದ್ಯರನ್ನು ನಂಬಬೇಡಿ. ಅಡಿಕೆ ಪೂರ್ತಿ ಬಿಟ್ಟರೆ ರೋಗ ಮುಂದೆ ಹೋಗುವುದು ಹೆಚ್ಚಾಗಿ ನಿಲ್ಲುತ್ತದೆ, ಉರಿ ಇಳಿಯುತ್ತದೆ. ಕೆನ್ನೆಗೆ ಕೆಲವು ವಾರ ಇಂಜೆಕ್ಷನ್ ಕೊಟ್ಟು, ದಿನಾ ಬಾಯಿ ಅಗಲಿಸುವ ವ್ಯಾಯಾಮ ಮಾಡಿಸಿದರೆ ಕೆಲವು ಮಿಲಿಮೀಟರ್ ಸಿಗುತ್ತದೆ. ಗಂಜಿ ಕುಡಿಯುವವನಿಗೆ ದೋಸೆ ತಿನ್ನುವಷ್ಟು ಸಿಕ್ಕರೆ ಅದು ಸಣ್ಣ ಮಾತಲ್ಲ. ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ ಇದೆ. ಅದರ ಅಪಾಯ ಏನೆಂದರೆ, ಆಮೇಲೆ ತಿಂಗಳುಗಟ್ಟಲೆ ನೋವು ಸಹಿಸಿ ವ್ಯಾಯಾಮ ಮಾಡದಿದ್ದರೆ ಬಾಯಿ ಮತ್ತೆ ಮುಚ್ಚುತ್ತದೆ. ಆಪರೇಶನ್ ಮಾಡಿಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಪ್ಯಾಕೆಟ್ ಹರಿದವನನ್ನೂ ಕಂಡಿದ್ದೇನೆ. ತುಪ್ಪ, ಅರಿಶಿನ, ಜೇನುತುಪ್ಪ ಹಚ್ಚುವುದರಿಂದ ಕೇಡಿಲ್ಲ, ಆದರೆ ಅದನ್ನೇ ನಂಬಿ ಕೂತರೆ ದಿನ ಹೋಗುತ್ತದೆ. ಮನೆಯಲ್ಲಿ ಚಮಚ ತುರುಕಿ ಬಲವಂತವಾಗಿ ತೆರೆಯುವುದು ಬೇಡ.

ಬಾಯಿ ತೆರೆದ ಮೇಲೂ ಅವನು ವರ್ಷಕ್ಕೆ ಎರಡು ಸಲವಾದರೂ ತೋರಿಸುತ್ತಿರಬೇಕು. ಕೇರಳದ ಎರ್ನಾಕುಳಂನಲ್ಲಿ ಇದೇ ರೋಗದ 66 ಜನರನ್ನು 17 ವರ್ಷ ಗಮನಿಸಿದಾಗ ಐದು ಜನರಿಗೆ ಕ್ಯಾನ್ಸರ್ ಬಂದಿತ್ತು. ಉಳಿದ 61 ಜನರಿಗೆ ಬರಲಿಲ್ಲ. ಎರಡನ್ನೂ ಅವನಿಗೆ ಹೇಳಬೇಕು.

ಇನ್ನು ಬಟ್ಟಲು. ಇದರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ, ಏಕೆಂದರೆ ಆಸ್ಪತ್ರೆಯಲ್ಲಿ ಕೂತು "ಬಿಟ್ಟುಬಿಡಿ" ಎನ್ನುವುದು ಸುಲಭ. ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಪರಿಚಯದವರ ಅಂಗಳದಲ್ಲಿ ಸುಲಿಗೆ ನಡೆಯುವಾಗ ಸುಮ್ಮನೆ ಕೂತು ಲೆಕ್ಕ ಹಾಕಿದೆ. ಸಂಜೆ ಏಳರಿಂದ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಒಬ್ಬ ಹೆಂಗಸು ಆರು ಕವಳ ಹಾಕಿದರು. ಊಟ ಮಾಡಿರಲಿಲ್ಲ. ಎದ್ದರೆ ಕೈ ನಿಲ್ಲುತ್ತದೆ, ಸುಲಿದ ಅಳತೆಯ ಮೇಲೆ ಕೂಲಿ, ಕೈ ನಿಂತರೆ ದುಡ್ಡು ನಿಂತ ಹಾಗೆ. ಕವಳ ಹಸಿವನ್ನೂ ನಿದ್ದೆಯನ್ನೂ ಒಟ್ಟಿಗೆ ಓಡಿಸುತ್ತದೆ. ಅದನ್ನು ಚಟ ಎಂದು ಮಾತ್ರ ಕರೆದು ಬಿಟ್ಟರೆ ಅರ್ಧ ಸತ್ಯ. ನಿಮ್ಮ ಬಟ್ಟಲಿನಲ್ಲಿ ಅವರ ಊಟವೂ ಇದೆ, ವಿರಾಮವೂ ಇದೆ, ಒಡೆಯರು ಕೊಡುವ ಮರ್ಯಾದೆಯೂ ಇದೆ. ಅದನ್ನು ಎತ್ತಿಟ್ಟು ಆ ಜಾಗ ಖಾಲಿ ಬಿಟ್ಟರೆ ಜನ ಬೇಸರ ಮಾಡಿಕೊಳ್ಳುವುದು ಸಹಜ.

ಒಂದೇ ದಿನ ಎಲ್ಲ ಬಂದ್ ಮಾಡಿದರೆ ಏನಾಗುತ್ತದೆ? ಒಬ್ಬಿಬ್ಬರು ನಿಜವಾಗಿಯೂ ಬಿಡಬಹುದು. ಉಳಿದವರು ಎದುರಿನ ಗೂಡಂಗಡಿಯಿಂದ ಪ್ಯಾಕೆಟ್ ತರುತ್ತಾರೆ, ಅದು ನಿಮ್ಮ ಕವಳಕ್ಕಿಂತ ಕೆಟ್ಟದ್ದು. ಒಬ್ಬರು ಶೆಡ್ಡನ್ನೇ ಬಿಟ್ಟರೂ ಆಶ್ಚರ್ಯ ಇಲ್ಲ. ಬಟ್ಟಲು ಹಾಗೇ ಇರಲಿ, ತಂಬಾಕು ಮಾತ್ರ ತೆಗೆಯುತ್ತೇನೆ ಎಂದರೆ ಗಲಾಟೆ ಕಡಿಮೆ, ದೊಡ್ಡ ಅಪಾಯವೂ ಕಡಿಮೆ. ಆದರೆ ಇನ್ನು ಎಲ್ಲ ಸರಿಯಾಯಿತು ಎಂದು ನೀವೂ ಅವರೂ ನಿರಾಳ ಆಗಿಬಿಡುವ ಭಯ ನನಗೆ.

ನನ್ನನ್ನು ಕೇಳಿದರೆ ತಂಬಾಕು ನಾಳೆಯೇ ಹೋಗಲಿ. ನಿಮ್ಮ ದುಡ್ಡಿನಲ್ಲಿ ಅದನ್ನು ತರುವುದನ್ನು ನಿಲ್ಲಿಸಿ, ಕಾರಣ ಹೇಳಿ. ಅದೇ ದುಡ್ಡನ್ನು ಆಸರಿಗೆಗೆ, ಅಂದರೆ ತಿಂಡಿ-ಪಾನೀಯಕ್ಕೆ, ತಿರುಗಿಸಿ. ಎಂಟೂವರೆಗೆ ಎಲ್ಲರೂ ಏಳಬೇಕು. ಬಿಸಿ ಕಷಾಯ, ಅವಲಕ್ಕಿಯೋ ಉಪ್ಪಿಟ್ಟೋ ಒಂದು. ಆ ಕಾಲು ಗಂಟೆಗೆ ಅಂದಾಜು ಒಂದು ಅಳತೆಯ ಕೂಲಿ ಸೇರಿಸಿಯೇ ಕೊಡಿ, ಇಲ್ಲದಿದ್ದರೆ ಯಾರೂ ಏಳುವುದಿಲ್ಲ. ಇದು ಖರ್ಚಿನ ಬಾಬ್ತು, ನಿಜ. ಬಟ್ಟಲಿನಲ್ಲಿ ಎಲೆ, ಏಲಕ್ಕಿ, ಜೀರಿಗೆ, ಒಣಗಿಸಿದ ಬೆಟ್ಟದ ನೆಲ್ಲಿಕಾಯಿ ಇರಲಿ. ಅಂಗಡಿಯ ಬಣ್ಣದ ಸಕ್ಕರೆ ಸೋಂಪು ಬೇಡ, ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಬಾಯಿ ಉರಿಯುವವರಿಗೆ ಲವಂಗ ಕೊಡಬೇಡಿ. ಅಡಿಕೆಯನ್ನು ವಾರ ವಾರ ಕಡಿಮೆ ಮಾಡಿ, ಹಂಗಾಮು ಮುಗಿಯುವಷ್ಟರಲ್ಲಿ ಬಟ್ಟಲಿನಿಂದ ಹೊರಗೆ ಹಾಕಿ. ನಿಧಾನದ ದಾರಿಯ ಅಪಾಯ ನಿಮಗೆ ಗೊತ್ತೇ ಇದೆ. ಮಾರಿಜಾತ್ರೆ ಆಗಲಿ, ಆಮೇಲೆ ನೋಡುವಾ ಎನ್ನುತ್ತಾ ವರ್ಷ ಕಳೆಯುತ್ತದೆ. ಅದಕ್ಕೆ ತಾರೀಕು ಗೋಡೆಗೆ ಬರೆದುಬಿಡಿ. ಆ ಹುಡುಗನಿಗೂ ಮಚ್ಚೆಯ ಅಕ್ಕನಿಗೂ ಈ ನಿಧಾನ ಅನ್ವಯಿಸುವುದಿಲ್ಲ, ಅವರದ್ದು ಇವತ್ತೇ.

ತಂಬಾಕು ಬಿಟ್ಟವರಿಗೆ ಮೊದಲ ಮೂರು ದಿನ ಕಷ್ಟ. ಸಿಟ್ಟು, ತಲೆಭಾರ, ನಿದ್ದೆ ಇಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಕವಳದ ಹಾಗೆ ಜಗಿದು ಉಗಿಯುವುದಲ್ಲ. ನಾಲ್ಕು ಸಲ ಜಗಿದು ಚುರುಗುಟ್ಟಿದಾಗ ಕೆನ್ನೆಯಲ್ಲಿಡಬೇಕು, ಚುರುಕು ಹೋದಾಗ ಮತ್ತೆ ಜಗಿಯಬೇಕು. ಬಾಯಿ ಬಿಗಿದವರಿಗೆ ಗಮ್ ಆಗುವುದಿಲ್ಲ, ಚರ್ಮಕ್ಕೆ ಅಂಟಿಸುವ ಪಟ್ಟಿ ಬರುತ್ತದೆ. ಹೃದಯದ ತೊಂದರೆ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. 1800-11-2356 ಸರ್ಕಾರದ ಉಚಿತ ಸಹಾಯವಾಣಿ, ತಂಬಾಕು ಬಿಡುವವರಿಗೆಂದೇ ಇದೆ. ಬರೀ ಅಡಿಕೆಯ ಚಟಕ್ಕೆ ಇಂಥ ಔಷಧಿ ಇಲ್ಲ. ಬಾಯಿಗೆ ಬೇರೇನಾದರೂ ಕೊಟ್ಟು, ಲೆಕ್ಕ ಇಳಿಸುತ್ತಾ ಹೋಗುವುದೇ ದಾರಿ.

ಫುಲ್ ಬಾಡಿ ಚೆಕಪ್ ಬೇಡ. ಒಂಬತ್ತು ಜನಕ್ಕೆ 16,200 ರೂಪಾಯಿ ಆಗುತ್ತದೆ. ರಕ್ತ ತೆಗೆದು ಎಂಬತ್ತು ಅಂಕಿಗಳ ಕಾಗದ ಕೊಡುತ್ತಾರೆ, ಯಾರ ಬಾಯಿಯನ್ನೂ ತೆರೆಸಿ ನೋಡಲಿಕ್ಕಿಲ್ಲ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ, ಬಾಯಿ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆ. ಬಾಯಿಯನ್ನು ಬೆಳಕಿನಲ್ಲಿ ಸುಮ್ಮನೆ ನೋಡುವುದಕ್ಕೆ ಏನು ಬೆಲೆ ಅನಿಸಬಹುದು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆ ಆಯಿತು.

ಶೆಡ್ಡಿನಲ್ಲೇ ಮಾಡಬಹುದಾದದ್ದೂ ಒಂದಿದೆ. ತಮ್ಮದೇ ಮೂರು ಬೆರಳು ಜೋಡಿಸಿ ನಿಲುವಾಗಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಿ. ಹೋದರೆ ಸರಿ. ಎರಡೇ ಹೋದರೆ ವೈದ್ಯರ ಹತ್ತಿರ ಹೋಗಬೇಕು. ಇದನ್ನು ಎಲ್ಲರ ಎದುರು ಮಾಡಿಸಿ ನಗೆಪಾಟಲು ಮಾಡಬೇಡಿ. ಮನೆಗೆ ಹೋಗಿ ಕನ್ನಡಿ ಮುಂದೆ ನೋಡಿಕೊಳ್ಳಿ ಎಂದರೆ ಸಾಕು. ಸುಲಿಯುವವರಿಗೆ ಕತ್ತಿ ತಾಗುವುದು ಇದ್ದದ್ದೇ, ಆರೋಗ್ಯ ಕೇಂದ್ರಕ್ಕೆ ಹೋದಾಗ ಧನುರ್ವಾಯು ಇಂಜೆಕ್ಷನ್ನಿನ ವಿಷಯವನ್ನೂ ಕೇಳಿಬಿಡಿ.

ದುಡ್ಡಿನ ದಾರಿ. ಹತ್ತು ಜನ ಇಲ್ಲದ ಕಾರಣ ನಿಮಗೆ ಇಎಸ್‌ಐ (ಕಾರ್ಮಿಕರ ವಿಮೆ) ಕಡ್ಡಾಯ ಆಗಲಿಕ್ಕಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಶಿಫಾರಸು ಪತ್ರ ಪಡೆಯಿರಿ. ನೇರ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ, ಕಾಗದ ಇಲ್ಲ ಎಂದು ತಿರುಗಿ ಬಂದವರು ಬೇಕಾದಷ್ಟಿದ್ದಾರೆ. ನೀವು ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಕೊಡಬಹುದು, ನೋಂದಣಿಯ ಗಡುವು ತಪ್ಪಿಸಿಕೊಳ್ಳಬೇಡಿ.

ಅಡಿಕೆ ಮಾರುವವನು ಯಾವ ಬಾಯಲ್ಲಿ ಹೇಳಲಿ ಎಂದಿರಿ. ಇದಕ್ಕೆ ನನ್ನ ಹತ್ತಿರ ಅಚ್ಚುಕಟ್ಟಾದ ಉತ್ತರ ಇಲ್ಲ. ನಾನು ತೋಟ ಕಡಿದಿಲ್ಲ, ನೀವು ಶೆಡ್ಡು ಮುಚ್ಚಿ ಎನ್ನುವುದೂ ಇಲ್ಲ. ನಾವು ಮಾರಿದ ರಾಶಿ ಅಡಿಕೆ, ಚಾಲಿ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ಅದು ಕಾಡುತ್ತದೆ ಎಂಬ ಕಾರಣಕ್ಕೆ ಕಣ್ಣೆದುರಿನ ಒಂಬತ್ತು ಜನರ ವಿಷಯದಲ್ಲಿ ಸುಮ್ಮನಿರಲು ಆಗುವುದಿಲ್ಲ. ಭಾಷಣ ಮಾಡಬೇಡಿ. ನಿಮ್ಮ ಎಂಟು ಹತ್ತು ಕವಳವನ್ನು ಮೊದಲು ನಿಲ್ಲಿಸಿ. ಒಡೆಯರ ಕೆನ್ನೆ ಖಾಲಿ ಇರುವುದನ್ನು ಜನ ಎರಡೇ ದಿನದಲ್ಲಿ ಗಮನಿಸುತ್ತಾರೆ.

ನಿಮ್ಮ ಬಾಯಿಯನ್ನೂ ತೋರಿಸಬೇಕಲ್ಲ, ಆ ಹುಡುಗನನ್ನೂ ಅಕ್ಕನನ್ನೂ ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ. ಅವರಿಬ್ಬರ ಆ ದಿನದ ಕೂಲಿ ಕೊಡುತ್ತೇನೆ ಎಂದು ಹಿಂದಿನ ರಾತ್ರಿಯೇ ಹೇಳಿಬಿಡಿ. ಹೊರಡುವಾಗ ರೇಷನ್ ಕಾರ್ಡ್, ಆಧಾರ್, ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ ಕೈಯಲ್ಲಿರಲಿ. ಆ ಹುಡುಗನ ಜೇಬನ್ನು ನೀವು ತಪಾಸಣೆ ಮಾಡಬೇಡಿ. ಎಷ್ಟು ಪ್ಯಾಕೆಟ್ ಹಾಕುತ್ತಾನೆಂದು ವೈದ್ಯರು ಕೇಳುವಾಗ ನೀವು ಹೊರಗೆ ನಿಂತಿದ್ದರೆ ಅವನು ನಿಜ ಹೇಳುತ್ತಾನೆ.